ಮರದಡಿಯಲ್ಲಿ ಶಾಲೆ ಕಟ್ಟಿದ ಗುರುದೇವ ರವೀಂದ್ರನಾಥ ಟ್ಯಾಗೋರರು

ನಾವು ಕೆಲವರು ಸೇರಿ ಭಾನುವಾರ ಬೆಳಿಗ್ಗೆ ಮಕ್ಕಳಿಗಾಗಿ ಪಾಠಶಾಲೆ ನಡೆಸುತ್ತೇವೆ. ಕಳೆದ ಸಲ ಖರ್ಚುವೆಚ್ಚ ನೋಡುವಾಗ, ಚಿತ್ರಕಲೆ ಮತ್ತು ಹಾಡಿನ ತರಗತಿ ನಿಲ್ಲಿಸಿ ಆ ಹಣದಲ್ಲಿ ಗಣಿತದ ಟ್ಯೂಷನ್ ಇಟ್ಟರೆ ಹೇಗೆ ಎಂಬ ಮಾತು ಬಂತು. ಆ ಮಾತು ಎತ್ತಿದವನು ನಾನೇ. ವ್ಯಾಪಾರದವನಿಗೆ ಲಾಭ ಕಣ್ಣಿಗೆ ಕಾಣಬೇಕಲ್ಲವೇ! ಆಗ ಹಿರಿಯರೊಬ್ಬರು ಏನೂ ಹೇಳದೆ ರವೀಂದ್ರನಾಥ ಟ್ಯಾಗೋರರ ಜೀವನಚರಿತ್ರೆಯ ಪುಸ್ತಕವೊಂದನ್ನು ನನ್ನ ಕೈಗಿಟ್ಟರು. ಕವಿ, ನೊಬೆಲ್ ಪಾರಿತೋಷಕ ಪಡೆದವರು, ರಾಷ್ಟ್ರಗೀತೆ ಬರೆದವರು ಎಂಬಷ್ಟು ನನಗೆ ಗೊತ್ತಿತ್ತು. ಬದುಕಿನ ನಲವತ್ತು ವರ್ಷ ಅವರು ಒಂದು ಶಾಲೆ ನಡೆಸಲು ಪಟ್ಟ ಪಾಡು ಗೊತ್ತಿರಲಿಲ್ಲ. ಓದುಗ ಬಾಂಧವರಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ರವೀಂದ್ರರು ಹುಟ್ಟಿದ್ದು 1861ರ ಮೇ 7ರಂದು, ಕಲ್ಕತ್ತದ ಜೋಡಾಸಾಂಕೊ ಮನೆಯಲ್ಲಿ. ತಂದೆ ಬ್ರಹ್ಮಸಮಾಜದ ಮುಖಂಡರಾದ ಮಹರ್ಷಿ ದೇವೇಂದ್ರನಾಥರು, ತಾಯಿ ಶಾರದಾದೇವಿ. ದೊಡ್ಡ ಜಮೀನ್ದಾರಿ ಮನೆತನ, ಮನೆ ತುಂಬ ಅಣ್ಣಂದಿರು, ಅಕ್ಕಂದಿರು. ಚಿಕ್ಕ ಮಗುವಾದ ಇವರನ್ನು ನೋಡಿಕೊಳ್ಳುತ್ತಿದ್ದವರು ಆಳುಗಳು. ಒಬ್ಬ ಆಳು ಹುಡುಗನನ್ನು ಕೂರಿಸಿ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ದಾಟಿದರೆ ಅಪಾಯ ಎಂದು ಹೆದರಿಸಿ ತನ್ನ ಕೆಲಸಕ್ಕೆ ಹೋಗಿಬಿಡುತ್ತಿದ್ದ. ಸೀತೆಯ ಕಥೆ ಕೇಳಿದ್ದ ಹುಡುಗ ಗೆರೆ ದಾಟದೆ, ಕಿಟಕಿಯಿಂದ ಕೊಳವನ್ನೂ ಆಲದಮರವನ್ನೂ ನೋಡುತ್ತ ದಿನ ಕಳೆಯುತ್ತಿದ್ದ.

ಶಾಲೆ ಇದಕ್ಕಿಂತ ಕಷ್ಟವಾಯಿತು. ಓರಿಯಂಟಲ್ ಸೆಮಿನರಿ, ನಾರ್ಮಲ್ ಸ್ಕೂಲ್, ಬಂಗಾಳ ಅಕಾಡೆಮಿ, ಸೇಂಟ್ ಝೇವಿಯರ್ಸ್ ಎಂದು ಒಂದಾದಮೇಲೊಂದು ಬದಲಾದವು. ಎಲ್ಲಿಯೂ ಮನಸ್ಸು ನಿಲ್ಲಲಿಲ್ಲ. ಆ ದಿನಗಳಲ್ಲಿ ಅವರು ಮನೆಯ ಜಗುಲಿಯ ಕಟಕಟೆಯ ಮರದ ಕಂಬಿಗಳನ್ನೇ ವಿದ್ಯಾರ್ಥಿಗಳೆಂದು ಮಾಡಿಕೊಂಡು, ಬೆತ್ತ ಹಿಡಿದು ಬಾರಿಸುವ ಆಟ ಆಡುತ್ತಿದ್ದರಂತೆ. ಶಾಲೆಯಲ್ಲಿ ಕಲಿತ ವಿದ್ಯೆ ಅದೊಂದೇ! ಮನೆಯಲ್ಲಿ ಮಾತ್ರ ನಸುಕಿನಲ್ಲೇ ಕುಸ್ತಿ, ಆಮೇಲೆ ಬಂಗಾಳಿಯಲ್ಲಿ ಪಾಠ, ಚಿತ್ರ, ಸಂಗೀತ, ವ್ಯಾಯಾಮ ಎಲ್ಲವೂ ಇದ್ದವು.

1873ರಲ್ಲಿ ಉಪನಯನವಾಯಿತು. ಬೋಳುತಲೆಯಲ್ಲಿ ಶಾಲೆಗೆ ಹೋಗುವುದು ಹೇಗೆ ಎಂದು ಹುಡುಗ ಕಂಗಾಲಾಗಿದ್ದಾಗ ತಂದೆ ತಮ್ಮೊಡನೆ ಹಿಮಾಲಯಕ್ಕೆ ಬರುತ್ತೀಯಾ ಎಂದು ಕೇಳಿದರು. ದಾರಿಯಲ್ಲಿ ಮೊದಲು ಇಳಿದದ್ದು ಬೋಲಪುರದ ಹತ್ತಿರದ ಶಾಂತಿನಿಕೇತನದಲ್ಲಿ. ಅದು 1863ರಲ್ಲಿ ದೇವೇಂದ್ರನಾಥರು ಧ್ಯಾನಕ್ಕಾಗಿ ಪಡೆದ 20 ಬಿಘಾ ಬಯಲು. ಅಲ್ಲಿ ಆಗ ಇದ್ದದ್ದು ಎರಡು ಸಪ್ತಪರ್ಣಿ ಮರಗಳು. ನಮ್ಮ ಕರಾವಳಿಯವರು ಆಟಿ ಅಮಾವಾಸ್ಯೆಯಂದು ತೊಗಟೆಯ ಕಷಾಯ ಕುಡಿಯುವ ಪಾಲೆ ಮರವೇ ಅದು. ಹುಡುಗ ಮಳೆನೀರು ಕೊರೆದ ಕೊರಕಲುಗಳಲ್ಲಿ ಅಲೆದು ಬಣ್ಣಬಣ್ಣದ ಕಲ್ಲು ಆರಿಸಿ ತಂದರೆ, ತಂದೆ ಗದರದೆ ಅವುಗಳಿಂದ ಅಲ್ಲಿನ ದಿಬ್ಬವನ್ನು ಅಲಂಕರಿಸು ಎನ್ನುತ್ತಿದ್ದರು.

ಈ ಪ್ರವಾಸದಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಲೆಕ್ಕದ್ದು. ಜವಾಬ್ದಾರಿ ಬರಲೆಂದು ತಂದೆ ಮಗನ ಕೈಗೆ ಚಿಲ್ಲರೆ ಹಣ ಕೊಟ್ಟು ಲೆಕ್ಕ ಇಡಲು ಹೇಳಿದರು. ಭಿಕ್ಷುಕರಿಗೆ ಕೊಟ್ಟ ಮೇಲೆ ಲೆಕ್ಕ ಎಂದೂ ತಾಳೆಯಾಗುತ್ತಿರಲಿಲ್ಲ. ಒಂದು ದಿನ ಇರಬೇಕಾದದ್ದಕ್ಕಿಂತ ಹೆಚ್ಚು ಹಣ ಉಳಿದಿತ್ತು. ತಂದೆ ನಕ್ಕು, ನಿನ್ನ ಕೈಯಲ್ಲಿ ಹಣ ಬೆಳೆಯುತ್ತದೆ, ನೀನೇ ನನ್ನ ಖಜಾಂಚಿಯಾಗಬೇಕು ಎಂಬರ್ಥದ ಮಾತಾಡಿದರು. ತಮ್ಮ ಬೆಲೆಬಾಳುವ ಚಿನ್ನದ ಗಡಿಯಾರಕ್ಕೆ ಕೀಲಿ ಕೊಡುವ ಕೆಲಸವನ್ನೂ ಒಪ್ಪಿಸಿದರು. ಹುಡುಗ ಎಷ್ಟು ಶ್ರದ್ಧೆಯಿಂದ ಕೀಲಿ ಕೊಟ್ಟನೆಂದರೆ ಅದನ್ನು ರಿಪೇರಿಗೆ ಕಲ್ಕತ್ತಕ್ಕೆ ಕಳಿಸಬೇಕಾಯಿತು. ನನ್ನ ಮಗ ಚಿಕ್ಕವನಿದ್ದಾಗ ಅಂಗಡಿಯ ತಕ್ಕಡಿ ಮುಟ್ಟಿದರೂ ನಾನು ರೇಗುತ್ತಿದ್ದೆ. ಡಾಲ್‌ಹೌಸಿಯಲ್ಲಿ ಸೂರ್ಯೋದಯಕ್ಕೆ ಮುಂಚೆ ಸಂಸ್ಕೃತ ಪಾಠ, ತಣ್ಣೀರ ಸ್ನಾನ, ಸಂಜೆ ನಕ್ಷತ್ರಗಳ ಪರಿಚಯ, ಮಧ್ಯೆ ಬೆಟ್ಟದಲ್ಲಿ ಒಬ್ಬನೇ ತಿರುಗುವ ಸ್ವಾತಂತ್ರ್ಯ. ಮುಂದೆ ಅವರು ಕಟ್ಟಿದ ಶಾಲೆಯ ನಕ್ಷೆ ಇಲ್ಲೇ ತಯಾರಾಯಿತೆಂದು ನನ್ನ ಅಭಿಪ್ರಾಯ.

1878ರಲ್ಲಿ ಓದಲು ಇಂಗ್ಲೆಂಡಿಗೆ ಹೋಗಿ 1880ರಲ್ಲಿ ಪದವಿಯಿಲ್ಲದೆ ಮರಳಿದರು. 1883ರಲ್ಲಿ ನಮ್ಮ ಕಾರವಾರಕ್ಕೆ ಬಂದರು. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಬೆಳದಿಂಗಳಲ್ಲಿ ದೋಣಿಯೇರಿ ಕಾಳಿ ನದಿಯಲ್ಲಿ ಹೋಗಿ ಶಿವಾಜಿಯ ಕಾಲದ ಗುಡ್ಡದ ಕೋಟೆ ನೋಡಿ, ತಡರಾತ್ರಿ ಮರಳ ಮೇಲೆ ನಡೆದು ಮನೆಗೆ ಬಂದದ್ದನ್ನು ನೆನಪುಗಳಲ್ಲಿ ಬರೆದಿದ್ದಾರೆ. ಎಲ್ಲವನ್ನೂ ಬಿಟ್ಟ ಸನ್ಯಾಸಿಯನ್ನು ಅನಾಥ ಬಾಲಕಿಯೊಬ್ಬಳ ಪ್ರೀತಿ ಮತ್ತೆ ಲೋಕಕ್ಕೆ ಕರೆತರುವ ‘ಪ್ರಕೃತಿರ್ ಪ್ರತಿಶೋಧ’ ನಾಟಕ ಕಾರವಾರದಲ್ಲೇ ಬರೆದದ್ದು. ಆ ಸಮುದ್ರತೀರಕ್ಕೆ ಈಗ ಅವರದೇ ಹೆಸರಿದೆ. ಅದೇ ವರ್ಷ ಡಿಸೆಂಬರಿನಲ್ಲಿ ಮೃಣಾಲಿನಿ ದೇವಿಯವರೊಡನೆ ಮದುವೆಯಾಯಿತು. ಮುಂದೆ ಹತ್ತು ವರ್ಷ ಶಿಲೈದಹದ ಜಮೀನು ನೋಡಿಕೊಂಡರು. ಕುಷ್ಟಿಯಾದಲ್ಲಿ ಸೆಣಬಿನ ವ್ಯಾಪಾರಕ್ಕೆ ಕೈಹಾಕಿ ಸಾಲ ಮಾಡಿಕೊಂಡರು.

ಇಂಥ ಸಾಲದ ನಡುವೆಯೇ 1901ರ ಡಿಸೆಂಬರ್ 22ರಂದು ಶಾಂತಿನಿಕೇತನದಲ್ಲಿ ಶಾಲೆ ಆರಂಭಿಸಿದರು. ಮಕ್ಕಳು ಐದೇ ಮಂದಿ, ಅವರಲ್ಲೊಬ್ಬ ಸ್ವಂತ ಮಗ ರಥೀಂದ್ರ. ಮೊದಲಿಗೆ ಶುಲ್ಕವಿರಲಿಲ್ಲ. ಮೃಣಾಲಿನಿ ದೇವಿ ತಮ್ಮ ಒಡವೆ ಕೊಟ್ಟರು. ಪುರಿಯ ಸಮುದ್ರತೀರದ ಮನೆ ಮಾರಿದರು. ಆಮೇಲೆ ಬಂದದ್ದು ಸಾವುಗಳ ಸಾಲು. 1902ರ ನವೆಂಬರಿನಲ್ಲಿ ಪತ್ನಿ, 1903ರಲ್ಲಿ ಮಗಳು ರೇಣುಕಾ, 1904ರಲ್ಲಿ ಶಾಲೆಯ ತರುಣ ಶಿಕ್ಷಕ ಸತೀಶಚಂದ್ರ ರಾಯ್ ಸಿಡುಬಿನಿಂದ, 1905ರಲ್ಲಿ ತಂದೆ, 1907ರಲ್ಲಿ ಕಿರಿಯ ಮಗ ಶಮೀಂದ್ರ ಕಾಲರಾದಿಂದ. ಬೇರೆ ಯಾರಾದರೂ ಬಾಗಿಲು ಹಾಕಿ ಕಲ್ಕತ್ತಕ್ಕೆ ಮರಳುತ್ತಿದ್ದರು. ಇವರು ಶಾಲೆ ನಿಲ್ಲಿಸಲಿಲ್ಲ.

ಶಾಲೆಯ ದಿನಚರಿ ಹೀಗಿತ್ತು. ನಸುಕಿನಲ್ಲಿ ಗಂಟೆ; ಮಕ್ಕಳ ಗುಂಪೊಂದು ಹಾಡುತ್ತ ಆಶ್ರಮ ಸುತ್ತಿ ಉಳಿದವರನ್ನು ಎಬ್ಬಿಸುವುದು. ತಮ್ಮ ಜಾಗ ತಾವೇ ಗುಡಿಸಿ ಸ್ನಾನ ಮಾಡಬೇಕು. ಬೆಳಿಗ್ಗೆ 15 ನಿಮಿಷ, ಸಂಜೆ 15 ನಿಮಿಷ ಮೌನವಾಗಿ ಕೂರಬೇಕು. ಅವರವರ ಚಾಪೆ ಅವರವರೇ ತಂದು ಮರದ ಕೆಳಗೆ ಹಾಸಿಕೊಂಡು ಪಾಠ ಕೇಳಬೇಕು. ಹೊಡೆಯುವಂತಿಲ್ಲ, ತಪ್ಪು ಮಾಡಿದ ಹುಡುಗನ ವಿಚಾರಣೆಯನ್ನು ಹುಡುಗರದೇ ಸಭೆ ನಡೆಸುತ್ತಿತ್ತು.

ಮೌನದ ವಿಷಯದಲ್ಲಿ ರವೀಂದ್ರರ ನಿಲುವು ಗಮನಿಸಬೇಕಾದದ್ದು. ಮಕ್ಕಳು ಧ್ಯಾನ ಮಾಡುತ್ತಿರುವಂತೆ ನಟಿಸುವುದು ಅವರಿಗೆ ಬೇಕಿರಲಿಲ್ಲ. ಸುಮ್ಮನೆ ಕೂತು ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಂಡರೆ ಸಾಕು, ಆ ಹೊತ್ತಿನಲ್ಲಿ ಮರ ಹತ್ತುವ ಅಳಿಲನ್ನು ನೋಡುತ್ತಿದ್ದರೂ ಪರವಾಗಿಲ್ಲ ಎಂದಿದ್ದರು. 48 ನಿಮಿಷದ ಸಾಮಾಯಿಕವನ್ನು ಚಿಕ್ಕ ಮಕ್ಕಳಿಗೆ ಹೇಗೆ ರೂಢಿ ಮಾಡಿಸುವುದೆಂದು ತಲೆಕೆಡಿಸಿಕೊಳ್ಳುವ ನಮ್ಮಂಥವರಿಗೆ ಈ ಅಳಿಲಿನ ಮಾತು ಸಮಾಧಾನ ಕೊಡುತ್ತದೆ. ನಮ್ಮಲ್ಲಿ ಕಣ್ಣು ಬಿಟ್ಟ ಮಗುವನ್ನು ಗದರುವವರೇ ಹೆಚ್ಚು.

ಹಾಡು, ನಾಟಕ, ಚಿತ್ರ ಅಲ್ಲಿ ಸಮಯ ಉಳಿದರೆ ಮಾಡುವ ಕೆಲಸವಾಗಿರಲಿಲ್ಲ. ಮಳೆಗಾಲಕ್ಕೊಂದು ಉತ್ಸವ, ವಸಂತಕ್ಕೊಂದು. 1928ರಿಂದ ಗಿಡ ನೆಡುವ ವೃಕ್ಷಾರೋಪಣ, ನೇಗಿಲು ಹಿಡಿಯುವ ಹಲಕರ್ಷಣ. 1908ರಲ್ಲಿ ಮಕ್ಕಳಿಗಾಗಿಯೇ ‘ಶಾರದೋತ್ಸವ’ ನಾಟಕ ಬರೆದರು. ಶರತ್ಕಾಲದ ರಜೆಯಲ್ಲಿ ಎಲ್ಲ ಹುಡುಗರೂ ಆಡುತ್ತಿದ್ದರೆ, ಉಪನಂದ ಎಂಬ ಹುಡುಗ ತೀರಿಹೋದ ಗುರುವಿನ ಸಾಲ ತೀರಿಸಲು ಹಸ್ತಪ್ರತಿ ನಕಲು ಮಾಡುತ್ತ ಕೂತಿರುತ್ತಾನೆ. ಸಾಲ ತೀರಿಸುವುದನ್ನೂ ಸಂತೋಷದ ಕೆಲಸವೆಂದು ತೋರಿಸಿದ ನಾಟಕವಿದು. ವ್ಯಾಪಾರಿಯಾದ ನನಗೆ ಕಣ್ಣು ತೇವವಾಯಿತು.

ನಂದಲಾಲ್ ಬೋಸರು ಬಂದು ಕಲಾಭವನವನ್ನು ಬೆಳೆಸಿದರು. ರವೀಂದ್ರರ ಬಂಗಾಳಿ ಬಾಲಪಾಠ ‘ಸಹಜ ಪಾಠ’ಕ್ಕೆ ಚಿತ್ರ ಬರೆದವರೂ ಅವರೇ. 1919ರಲ್ಲಿ ಸಿಲ್ಹೆಟ್‌ನಲ್ಲಿ ಮಣಿಪುರಿ ನೃತ್ಯ ನೋಡಿ ಮೆಚ್ಚಿದ ರವೀಂದ್ರರು ಅದನ್ನು ಕಲಿಸುವವರನ್ನು ಶಾಲೆಗೆ ಕರೆಸಿದರು. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ವೇದಿಕೆಯಲ್ಲಿ ನರ್ತಿಸುವುದನ್ನು ಆಗ ಯಾರೂ ಒಪ್ಪುತ್ತಿರಲಿಲ್ಲ. ‘ನಟೀರ ಪೂಜಾ’ ನಾಟಕದಲ್ಲಿ ನಂದಲಾಲರ ಮಗಳು ಗೌರಿ ಕುಣಿದಾಗ ಟೀಕೆ ಬರಬಾರದೆಂದು ಕಲ್ಕತ್ತದ ಪ್ರದರ್ಶನದಲ್ಲಿ ಗುರುದೇವರೇ ಪಾತ್ರ ಕಟ್ಟಿ ಜೊತೆಗೆ ನಿಂತರು.

ಎಲ್ಲವೂ ಸುಸೂತ್ರವಾಗಿತ್ತೆಂದು ತಿಳಿಯಬಾರದು. ಆರಂಭದಲ್ಲಿ ಊಟದ ಪಂಕ್ತಿಯಲ್ಲಿ ಜಾತಿಭೇದ ಇತ್ತು, ರವೀಂದ್ರರು ಅದಕ್ಕೆ ಒಪ್ಪಿಕೊಂಡೂ ಇದ್ದರು. ಹೋಗಲು ವರ್ಷಗಳು ಬೇಕಾದವು. ಮನೆಯಲ್ಲಿ ಹಿಡಿತಕ್ಕೆ ಸಿಗದ ಹುಡುಗರನ್ನು ತಿದ್ದಲೆಂದು ತಂದು ಬಿಡುವವರಿದ್ದರು. ಅಲ್ಲಿಗೂ ಮೆಟ್ರಿಕ್ಯುಲೇಷನ್ ಪರೀಕ್ಷೆಯ ಒತ್ತಡ ಬಂತು, ತಂದೆತಾಯಿಗಳಿಗೆ ಪಾಸಾಗುವುದೇ ಮುಖ್ಯವಾಗಿತ್ತು. ನೂರು ವರ್ಷದ ಹಿಂದೆಯೂ ನಾನು ಆಡಿದ ಮಾತನ್ನೇ ಆಡುವವರಿದ್ದರು ಎಂದಾಯಿತು. ಇದರಿಂದ ಬೇಸತ್ತ ರವೀಂದ್ರರು 1924ರಲ್ಲಿ ಹಳ್ಳಿಯ ಬಡಮಕ್ಕಳಿಗಾಗಿ ಕೈಕೆಲಸ, ತೋಟ, ಅಡುಗೆ, ಹಾಡು ಸೇರಿದ ಶಿಕ್ಷಾಸತ್ರ ಎಂಬ ಬೇರೊಂದು ಶಾಲೆಯನ್ನು ತೆರೆದರು.

ಹಣದ ಚಿಂತೆ ಕೊನೆಯವರೆಗೂ ಬಿಡಲಿಲ್ಲ. 1913ರ ನೊಬೆಲ್ ಪಾರಿತೋಷಕದ ಲಕ್ಷಕ್ಕೂ ಮೀರಿದ ಮೊತ್ತವನ್ನು ಪತಿಸರದ ರೈತರ ಬ್ಯಾಂಕಿನಲ್ಲಿ ಇಟ್ಟರು. ರೈತರಿಗೆ ಕಡಿಮೆ ಬಡ್ಡಿಯ ಸಾಲ, ಶಾಲೆಗೆ ಆ ಬಡ್ಡಿ ಎಂಬ ಏರ್ಪಾಡು. ಒಳ್ಳೆಯ ಲೆಕ್ಕಾಚಾರವೇ, ಆದರೆ ಕೊನೆಗೆ ಬ್ಯಾಂಕು ಮುಳುಗಿ ಅಸಲೂ ಹೋಯಿತು. 1921ರಲ್ಲಿ ವಿಶ್ವಭಾರತಿ ಸ್ಥಾಪನೆಯಾದ ಮೇಲೆ ಖರ್ಚು ಇನ್ನೂ ಬೆಳೆಯಿತು. ಎಪ್ಪತ್ತು ದಾಟಿದ ವೃದ್ಧರು ವಿದ್ಯಾರ್ಥಿಗಳ ನೃತ್ಯತಂಡ ಕಟ್ಟಿಕೊಂಡು ಊರೂರು ತಿರುಗಿ ಹಣ ಕೂಡಿಸುತ್ತಿದ್ದರು. 1936ರಲ್ಲಿ ದೆಹಲಿಯಲ್ಲಿ ಇದನ್ನು ಕಂಡು ನೊಂದ ಗಾಂಧೀಜಿ, ಹೆಸರು ಹೇಳದ ದಾನಿಗಳಿಂದ 60,000 ರೂಪಾಯಿ ಕೊಡಿಸಿ ಪ್ರವಾಸ ನಿಲ್ಲಿಸಿದರು.

ನಮ್ಮ ಸಮಾಜದ ಕೈಯೂ ಅಲ್ಲಿ ತಗಲಿದೆ. ಕಲ್ಕತ್ತದ ಜೈನ ವರ್ತಕರಾದ ಬಹಾದುರ್ ಸಿಂಗ್ ಸಿಂಘಿಯವರು ತಂದೆ ದಾಲ್‌ಚಂದ್‌ಜಿಯವರ ನೆನಪಿಗಾಗಿ ಶಾಂತಿನಿಕೇತನದಲ್ಲಿ ಸಿಂಘಿ ಜೈನ ಜ್ಞಾನಪೀಠ ಸ್ಥಾಪಿಸಿದರು. ಮುನಿ ಜಿನವಿಜಯಜಿಯವರು ಅಲ್ಲಿದ್ದುಕೊಂಡು ಪ್ರಾಚೀನ ಗ್ರಂಥಗಳನ್ನು ಸಂಪಾದಿಸಿದರು. ಸಿಂಘಿ ಜೈನ ಗ್ರಂಥಮಾಲೆಯ ಮೊದಲ ಪುಸ್ತಕ ‘ಪ್ರಬಂಧಚಿಂತಾಮಣಿ’ 1933ರಲ್ಲಿ ಹೊರಬಂತು.

ಇನ್ನೊಂದು ಸಂಗತಿ ನನ್ನ ವಯಸ್ಸಿನವರಿಗಾಗಿ. ರವೀಂದ್ರರು ಚಿತ್ರ ಬರೆಯಲು ಗಂಭೀರವಾಗಿ ತೊಡಗಿದ್ದು ಅರವತ್ತು ದಾಟಿದ ಮೇಲೆ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಸೇರಿಸಿ ಹಕ್ಕಿ, ಪ್ರಾಣಿ, ಮುಖ ಮಾಡುತ್ತ ಮಾಡುತ್ತ ಶುರುವಾದದ್ದು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನ ನಡೆಯಿತು. ಬರೆದ ಚಿತ್ರಗಳು ಎರಡು ಸಾವಿರಕ್ಕೂ ಹೆಚ್ಚು. ಇದನ್ನು ಓದಿ ನಾನೂ ಒಂದು ಭಾನುವಾರ ಮಕ್ಕಳ ನಡುವೆ ಕ್ರೇಯಾನ್ ಹಿಡಿದು ಕೂತೆ. ನನ್ನ ಆನೆಯನ್ನು ನೋಡಿ ಮಕ್ಕಳು ಹಂದಿ ಎಂದವು. ತರಗತಿಯ ಖರ್ಚಿನ ಬಗ್ಗೆ ಮುಂದಿನ ತಿಂಗಳು ಮತ್ತೆ ಸಭೆ ಇದೆ. ನನ್ನ ಸಲಹೆಯನ್ನು ನಾನು ಹಿಂದೆ ತೆಗೆದುಕೊಳ್ಳುವವನಿದ್ದೇನೆ, ಉಳಿದವರು ಏನನ್ನುತ್ತಾರೋ ಗೊತ್ತಿಲ್ಲ.

1940ರ ಫೆಬ್ರವರಿಯಲ್ಲಿ ಗಾಂಧೀಜಿ ಶಾಂತಿನಿಕೇತನಕ್ಕೆ ಬಂದಾಗ, ಹೊರಡುವ ಹೊತ್ತಿಗೆ ರವೀಂದ್ರರು ಅವರ ಕೈಗೊಂದು ಪತ್ರ ಕೊಟ್ಟು, ತಮ್ಮ ನಂತರ ಸಂಸ್ಥೆಯನ್ನು ನೋಡಿಕೊಳ್ಳಬೇಕೆಂದು ಬೇಡಿಕೊಂಡರು. ಮರುವರ್ಷ, 1941ರ ಆಗಸ್ಟ್ 7ರಂದು, ತಾವು ಹುಟ್ಟಿದ ಜೋಡಾಸಾಂಕೊ ಮನೆಯಲ್ಲೇ ಕೊನೆಯುಸಿರೆಳೆದರು. ವಿಶ್ವಭಾರತಿ 1951ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು, 2023ರಲ್ಲಿ ಶಾಂತಿನಿಕೇತನ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿನ ಶಾಲೆಯ ಮಕ್ಕಳು ಈಗಲೂ ಮರದ ಕೆಳಗೆ ಕೂತು ಪಾಠ ಕೇಳುತ್ತಾರೆ.