ಶಾಂಪೇನ್ ಕಂಡುಹಿಡಿದದ್ದು ಅಂಧ ಸನ್ಯಾಸಿಯೇ? ಡಾಮ್ ಪೆರಿನ್ಯಾನ್ ಅವರ ನಿಜವಾದ ಬದುಕು

ಹೊಸ ವರ್ಷ, ಮದುವೆ ಪಾರ್ಟಿ, ಕಾರ್ ರೇಸ್ ಗೆಲುವು ಎಂದರೆ ನೊರೆ ಚಿಮ್ಮುವ ಶಾಂಪೇನ್ ಬಾಟಲಿ ನೆನಪಾಗುತ್ತದೆ. ಅದರ ಜತೆಗೇ ಒಂದು ಕಥೆಯೂ ಓಡಾಡುತ್ತದೆ. ಫ್ರಾನ್ಸಿನಲ್ಲಿ ಒಬ್ಬ ಅಂಧ ಸನ್ಯಾಸಿ ಇದ್ದನಂತೆ, ಅವನ ವೈನಿನಲ್ಲಿ ಆಕಸ್ಮಿಕವಾಗಿ ಗುಳ್ಳೆ ಬಂತಂತೆ, ರುಚಿ ನೋಡಿದವನೇ ತಾನು ನಕ್ಷತ್ರಗಳನ್ನು ಕುಡಿಯುತ್ತಿರುವುದಾಗಿ ಕೂಗಿದನಂತೆ. ಆ ಸನ್ಯಾಸಿಯೇ ಡಾಮ್ ಪೆರಿನ್ಯಾನ್. ಕಥೆ ಚೆನ್ನಾಗಿದೆ. ಆದರೆ ನಿಜ ಇದಕ್ಕೆ ತದ್ವಿರುದ್ಧ. ಅವರು ಶ್ರಮಪಟ್ಟದ್ದು ವೈನಿನಲ್ಲಿ ಗುಳ್ಳೆ ತರಲು ಅಲ್ಲ, ಗುಳ್ಳೆ ಬಾರದಂತೆ ತಡೆಯಲು!

ಯಾರು ಈ ಪೆರಿನ್ಯಾನ್?

ಹೆಸರು ಪಿಯೆರ್ ಪೆರಿನ್ಯಾನ್. ‘ಡಾಮ್’ ಎಂಬುದು ಬೆನೆಡಿಕ್ಟೈನ್ ಪಂಥದ ಸನ್ಯಾಸಿಗಳಿಗೆ ಸಲ್ಲುವ ಗೌರವ ಪದ. ಅವರು ಹುಟ್ಟಿದ್ದು 1638ರ ಕೊನೆಯಲ್ಲಿ, ಈಶಾನ್ಯ ಫ್ರಾನ್ಸಿನ ಶಾಂಪೇನ್ ಸೀಮೆಯ ಸೇಂಟ್ ಮೆನೂ ಎಂಬ ಊರಿನಲ್ಲಿ. ಅಂದರೆ ಶಾಂಪೇನ್ ಮೊದಲು ಒಂದು ಸೀಮೆಯ ಹೆಸರು, ಆಮೇಲೆ ವೈನಿನ ಹೆಸರು. ಹರೆಯದಲ್ಲೇ ಸನ್ಯಾಸ ಸ್ವೀಕರಿಸಿದ ಅವರು 1668ರಲ್ಲಿ ಓವಿಲೆ ಎಂಬ ಹಳ್ಳಿಯ ಮಠಕ್ಕೆ ಬಂದರು. ಮಾರ್ನ್ ನದಿಯ ಕಣಿವೆಯನ್ನು ನೋಡುವ ಇಳಿಜಾರಿನಲ್ಲಿದೆ ಈ ಹಳ್ಳಿ. ಅಲ್ಲಿ ಅವರಿಗೆ ಸಿಕ್ಕಿದ್ದು ಉಗ್ರಾಣ, ದ್ರಾಕ್ಷಿತೋಟ ಮತ್ತು ಲೆಕ್ಕಪತ್ರದ ಹೊಣೆ. 1715ರಲ್ಲಿ ಸಾಯುವವರೆಗೆ, 47 ವರ್ಷ, ಇದೇ ಕೆಲಸ.

ಗುಳ್ಳೆ ಬರುವುದೇಕೆ?

ಚಳಿಗಾಲದಲ್ಲಿ ದೋಸೆ ಹಿಟ್ಟು ಬೇಗ ಉಬ್ಬುವುದಿಲ್ಲ, ಬೇಸಿಗೆಯಲ್ಲಿ ಪಾತ್ರೆ ಮೀರಿ ಹೊರಬರುತ್ತದೆ. ಹುದುಗಿಸುವ ಸೂಕ್ಷ್ಮಜೀವಿಗಳಿಗೆ ಚಳಿ ಆಗದು. ಶಾಂಪೇನ್ ಸೀಮೆಯಲ್ಲಿ ಆಗುತ್ತಿದ್ದುದೂ ಇದೇ. ಅಲ್ಲಿ ಚಳಿ ಬೇಗ ಬರುತ್ತದೆ. ದ್ರಾಕ್ಷಿರಸದ ಸಕ್ಕರೆ ಪೂರ್ತಿ ಮುಗಿಯುವ ಮೊದಲೇ ಯೀಸ್ಟ್ ನಿದ್ದೆಗೆ ಜಾರುತ್ತಿತ್ತು. ವೈನ್ ತಯಾರಾಯಿತೆಂದು ಬಾಟಲಿಗೆ ತುಂಬಿ ಮುಚ್ಚಿದರೆ, ವಸಂತದ ಬಿಸಿಲಿಗೆ ಯೀಸ್ಟ್ ಮತ್ತೆ ಎಚ್ಚರವಾಗಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತಿತ್ತು. ಅನಿಲಕ್ಕೆ ಹೊರಹೋಗಲು ದಾರಿಯಿಲ್ಲ, ಬಾಟಲಿ ಢಮಾರ್!

ಇಂದಿನ ಶಾಂಪೇನ್ ಬಾಟಲಿಯೊಳಗಿನ ಒತ್ತಡ ಸುಮಾರು 5ರಿಂದ 6 ಬಾರ್, ಅಂದರೆ ಕಾರಿನ ಟೈರಿನ ಎರಡೂವರೆ ಪಟ್ಟು. ಅಂದಿನ ಫ್ರೆಂಚ್ ಗಾಜು ಇದನ್ನು ತಾಳುತ್ತಿರಲಿಲ್ಲ. ಒಂದು ಬಾಟಲಿ ಒಡೆದರೆ ಪಕ್ಕದವೂ ಸಾಲಾಗಿ ಒಡೆಯುತ್ತಿದ್ದವು. ನೆಲಮಾಳಿಗೆಯ ಕೆಲಸಗಾರರು ಮುಖ, ಕಣ್ಣು ಉಳಿಸಿಕೊಳ್ಳಲು ಮುಂದೆ ಕಬ್ಬಿಣದ ಮುಖವಾಡ ಹಾಕಿಕೊಳ್ಳುವ ಪರಿಸ್ಥಿತಿ ಬಂತು. ಮಠದ ಆದಾಯ ಕಾಯುವ ಮನುಷ್ಯನಿಗೆ ಗುಳ್ಳೆ ನಕ್ಷತ್ರದಂತೆ ಕಂಡೀತೇ? ಅದು ನಷ್ಟ, ಅಪಾಯ. ಇದಕ್ಕೆಲ್ಲ ಯೀಸ್ಟ್ ಎಂಬ ಜೀವಿ ಕಾರಣವೆಂದು ಲೂಯಿ ಪಾಶ್ಚರ್ ತೋರಿಸಿಕೊಟ್ಟದ್ದು ಪೆರಿನ್ಯಾನ್ ತೀರಿಕೊಂಡು ಸುಮಾರು ಒಂದೂವರೆ ಶತಮಾನದ ಬಳಿಕ.

ಹಾಗಾದರೆ ಬೇಕೆಂದೇ ಗುಳ್ಳೆ ತಂದವರು ಯಾರು?

ಇದಕ್ಕೆ ಸಿಗುವ ಹಳೆಯ ದಾಖಲೆ ಇಂಗ್ಲೆಂಡಿನದು. 1662ರ ಡಿಸೆಂಬರ್‌ನಲ್ಲಿ ಕ್ರಿಸ್ಟೋಫರ್ ಮೆರೆಟ್ ಎಂಬ ವೈದ್ಯ-ವಿಜ್ಞಾನಿ ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ಪ್ರಬಂಧ ಒಪ್ಪಿಸಿದರು. ಅಲ್ಲಿನ ವ್ಯಾಪಾರಿಗಳು ವೈನಿಗೆ ಸಕ್ಕರೆ, ಕಾಕಂಬಿ ಬೆರೆಸಿ ನೊರೆ ಬರಿಸುತ್ತಿದ್ದರೆಂದು ಅದರಲ್ಲಿ ದಾಖಲಾಗಿದೆ. ಪೆರಿನ್ಯಾನ್ ಓವಿಲೆಗೆ ಬಂದದ್ದು ಅದಾಗಿ 6 ವರ್ಷದ ನಂತರ! ಕಲ್ಲಿದ್ದಲ ಕುಲುಮೆಯಲ್ಲಿ ತಯಾರಾಗುತ್ತಿದ್ದ ಇಂಗ್ಲಿಷ್ ಗಾಜು ಗಟ್ಟಿಯಾಗಿತ್ತು, ಒತ್ತಡ ತಾಳುತ್ತಿತ್ತು.

ಪೆರಿನ್ಯಾನ್ ನಿಜವಾಗಿ ಮಾಡಿದ್ದೇನು?

ಅವರ ಸಾಧನೆ ಸಣ್ಣದಲ್ಲ. ಬಳ್ಳಿಯನ್ನು ಗಿಡ್ಡವಾಗಿ ಕತ್ತರಿಸಿ ಇಳುವರಿ ಕಡಿಮೆಯಾದರೂ ಗುಣ ಹೆಚ್ಚಿಸುವುದು, ತಂಪಿರುವ ಬೆಳಗಿನಲ್ಲೇ ಹಣ್ಣು ಕೊಯ್ಯುವುದು, ಒಡೆದ ಹಣ್ಣನ್ನು ಬೇರ್ಪಡಿಸುವುದು ಅವರ ಶಿಸ್ತು. ಕಪ್ಪು ದ್ರಾಕ್ಷಿಯ ಬಣ್ಣ ಇರುವುದು ಸಿಪ್ಪೆಯಲ್ಲಿ. ಮೆಲ್ಲಗೆ, ಬೇಗನೆ ಹಿಂಡಿದರೆ ಕಪ್ಪು ಹಣ್ಣಿನಿಂದಲೂ ತಿಳಿಯಾದ ಬಿಳಿ ವೈನ್ ಸಿಗುತ್ತದೆ. ಈ ವಿಧಾನವನ್ನು ಅವರು ಪಳಗಿಸಿದರು. ಬೇರೆ ಬೇರೆ ತೋಟಗಳ ಹಣ್ಣನ್ನು ಹದವಾಗಿ ಬೆರೆಸುವುದರಲ್ಲಂತೂ ಅವರದು ಎತ್ತಿದ ಕೈ. ಇಂದಿಗೂ ಶಾಂಪೇನ್ ತಯಾರಿಕೆ ನಿಂತಿರುವುದು ಈ ಬೆರಕೆಯ ಮೇಲೆಯೇ.

ಇನ್ನು ಅಂಧರೆಂಬ ಮಾತು? ಹಣ್ಣು ಯಾವ ತೋಟದ್ದೆಂದು ತಿಳಿದುಕೊಳ್ಳದೆ ರುಚಿ ನೋಡುವ ಅಭ್ಯಾಸ ಅವರಿಗಿತ್ತು ಎನ್ನುತ್ತಾರೆ. ಅದೇ ಬೆಳೆದು ಕುರುಡಿನ ಕಥೆಯಾಯಿತು ಎಂಬುದು ಹಲವರ ವಿವರಣೆ. ದಶಕಗಟ್ಟಲೆ ಮಠದ ಲೆಕ್ಕ ಬರೆಸಿದವರ ಬಗ್ಗೆ ಈ ಮಾತು ನಂಬುವುದು ಕಷ್ಟ.

ಕಥೆ ಹುಟ್ಟಿದ್ದು ಹೇಗೆ?

ಫ್ರೆಂಚ್ ಕ್ರಾಂತಿಯಲ್ಲಿ ಮಠ ಮುಚ್ಚಿತು. ಅಲ್ಲಿ ಹಿಂದೆ ಸನ್ಯಾಸಿಯಾಗಿದ್ದ ಗ್ರೋಸಾರ್ 1821ರಲ್ಲಿ ಒಂದು ಪತ್ರ ಬರೆದು, ನೊರೆ ವೈನಿನ ಗುಟ್ಟು ಕಂಡುಹಿಡಿದವರು ಪೆರಿನ್ಯಾನ್ ಎಂದರು. ಪೆರಿನ್ಯಾನ್ ತೀರಿಕೊಂಡು ಆಗಲೇ 106 ವರ್ಷ. ಮಠದ ಕೀರ್ತಿ ಹೆಚ್ಚಿಸುವ ಆಸೆ ಅದರ ಹಿಂದಿತ್ತು. ನಕ್ಷತ್ರದ ಮಾತು ಕಾಣಿಸಿಕೊಂಡದ್ದು 19ನೇ ಶತಮಾನದ ಕೊನೆಯ ಜಾಹೀರಾತಿನಲ್ಲಿ. 1936ರಲ್ಲಿ ಅವರ ಹೆಸರಿನ ದುಬಾರಿ ಶಾಂಪೇನ್ ಕೂಡ ಮಾರುಕಟ್ಟೆಗೆ ಬಂತು. ಹೀಗೆ ಪತ್ರ, ಜಾಹೀರಾತು, ಬ್ರ್ಯಾಂಡ್ ಮೂರೂ ಸೇರಿ ಕಥೆಯನ್ನೇ ಇತಿಹಾಸವಾಗಿಸಿದವು.

ಫಾರ್ವರ್ಡ್ ಮಾಡುವ ಮುನ್ನ

ಸುಳ್ಳು ಕಥೆಯಿಂದ ಯಾರಿಗೇನು ನಷ್ಟ ಎನ್ನಬಹುದು. ಇಲ್ಲಿ ನಷ್ಟವಾದದ್ದು ಪೆರಿನ್ಯಾನ್ ಅವರಿಗೇ. 47 ವರ್ಷದ ಅವರ ದುಡಿಮೆ ಮರೆಯಾಗಿ, ಅವರು ಹೋರಾಡಿದ ಗುಳ್ಳೆಯೇ ಅವರ ಗುರುತಾಯಿತು. ಒಬ್ಬ ಮೇಧಾವಿ, ಒಂದು ಆಕಸ್ಮಿಕ, ಒಂದು ಚಂದದ ಮಾತು, ಈ ಮೂರೂ ಒಂದೇ ಕಥೆಯಲ್ಲಿ ಸಿಕ್ಕರೆ ನಾವು ಕೇಳಬೇಕಾದ ಪ್ರಶ್ನೆ ಇಷ್ಟೇ: ಇದನ್ನು ಮೊದಲು ಹೇಳಿದ್ದು ಯಾರು, ಯಾವಾಗ?

ಅಂದಹಾಗೆ, ನೊರೆ ಇರಲಿ ಬಿಡಲಿ, ಮದ್ಯ ಮದ್ಯವೇ. ಆರೋಗ್ಯಕ್ಕೆ ಸುರಕ್ಷಿತವೆನ್ನುವಂಥ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ.