ವಿಶ್ವೇಶ್ವರಯ್ಯನವರಿಗೂ ಒಬ್ಬರು ಮೇಷ್ಟ್ರು ಬೇಕಾಗಿತ್ತು



ಹೋದ ವರ್ಷ ವಿಜ್ಞಾನ ವಸ್ತುಪ್ರದರ್ಶನದಲ್ಲಿ ನನ್ನ ಅಣೆಕಟ್ಟಿನ ಮಾದರಿ ಸೋರಿ ಮೇಜೆಲ್ಲಾ ಒದ್ದೆಯಾಗಿದ್ದು ನಿಮಗೆ ನೆನಪಿರಬಹುದು. ಯಾರನ್ನೂ ಕೇಳದೆ ಮಾಡಿದ್ದೆ. ಕೇಳೋಕೆ ನಾಚಿಕೆ. ಆಮೇಲೆ ಸರ್ ಎಂ. ವಿಶ್ವೇಶ್ವರಯ್ಯನವರ ಜೀವನ ಓದಿದೆ. ಅಂಥವರಿಗೂ ಹೇಳಿಕೊಡುವವರು ಬೇಕಾಗಿತ್ತು ಅಂತ ಗೊತ್ತಾಯಿತು.

ಅವರು 1861ರಲ್ಲಿ ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿದಾಗ ಕೈಯಲ್ಲಿ ಕಾಸಿಲ್ಲ. ಒಬ್ಬರ ಮನೆಯ ಮಕ್ಕಳಿಗೆ ಪಾಠ ಹೇಳೋದು, ಅಲ್ಲೇ ಮಲಗೋದು, ಊಟಕ್ಕೆ ಸೋದರಮಾವನ ಮನೆಗೆ ನಡೆದು ಹೋಗೋದು. ಆ ಕಾಲೇಜಿನ ಪ್ರಿನ್ಸಿಪಾಲರು ಚಾರ್ಲ್ಸ್ ವಾಟರ್ಸ್ ಎಂಬ ಇಂಗ್ಲಿಷಿನವರು. ಈ ಹುಡುಗ ಲೆಕ್ಕದಲ್ಲಿ ಚುರುಕು ಅನ್ನೋದು ಅವರ ಕಣ್ಣಿಗೆ ಬಿತ್ತು. ಹತ್ತಿರ ಕರೆದು ಪ್ರೋತ್ಸಾಹ ಕೊಟ್ಟರು, ಒಂದು ವೆಬ್‌ಸ್ಟರ್ ನಿಘಂಟನ್ನೂ ಕೊಟ್ಟರು. ತಾವು ತೀರಿಹೋದ ಮೇಲೆ ತಮ್ಮ ಚಿನ್ನದ ಅಂಗಿಗುಂಡಿಗಳು ಈ ಶಿಷ್ಯನಿಗೇ ಸೇರಬೇಕು ಅಂತ ಉಯಿಲು ಬರೆದಿದ್ದರಂತೆ! ಇದನ್ನು ಓದಿದಾಗ ನನಗೆ ಗಂಟಲು ಕಟ್ಟಿತು.

1881ರಲ್ಲಿ ಬಿ.ಎ. ಆಯಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಇಂಜಿನಿಯರಿಂಗ್ ಓದಿ 1883ರಲ್ಲಿ ಮೊದಲಿಗರಾಗಿ ಪಾಸಾದರು. 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿಗೆ ಅವರು ಯೋಚಿಸಿದ ಬಾಗಿಲುಗಳನ್ನು ಹಾಕಿದರು. ನೀರು ಒಂದು ಮಟ್ಟ ದಾಟಿದರೆ ಅವು ತಾವೇ ತೆರೆದುಕೊಳ್ಳುತ್ತಿದ್ದವು, ಇಳಿದರೆ ತಾವೇ ಮುಚ್ಚಿಕೊಳ್ಳುತ್ತಿದ್ದವು. ಕಟ್ಟೆ ಎತ್ತರಿಸದೆ ಹೆಚ್ಚು ನೀರು ನಿಂತಿತು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು.

ನಮ್ಮ ಭದ್ರಾವತಿಯ ವಿಷಯ ಬಿಡುವ ಹಾಗಿಲ್ಲ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಸೌದೆಯ ಇದ್ದಿಲು ಸೇರಿಸಿ ಕಬ್ಬಿಣ ಮಾಡುವ ಕಾರ್ಖಾನೆ ನಷ್ಟದಲ್ಲಿದ್ದಾಗ 1923ರಿಂದ 6 ವರ್ಷ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ದುಡಿದರು. 1955ರಲ್ಲಿ ಭಾರತರತ್ನ ಬಂತು. 1962ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು.

ಈ ವರ್ಷ ನಾನು ಆ ಬಾಗಿಲಿನದೇ ಮಾದರಿ ಮಾಡುತ್ತಿದ್ದೇನೆ. ವಾಟರ್ಸ್ ಅವರಂಥವರನ್ನು ಎಲ್ಲಿ ಹುಡುಕೋದು? ಪೇಟೆಯಲ್ಲಿ ಒಬ್ಬರನ್ನು ಕೇಳಿದೆ, ಪುರುಸೊತ್ತಿಲ್ಲ ಅಂದರು. ಕೊನೆಗೆ ಕೆರೆ ತೂಬು ನೋಡಿಕೊಳ್ಳುವ ನೀರಗಂಟಿ ಅಜ್ಜನ ಹತ್ತಿರ ಹೋದೆ. ಅಜ್ಜ ಶಾಲೆ ಕಲಿತವರಲ್ಲ. ಆದರೆ ಮಾದರಿಯನ್ನು ತಿರುಗಿಸಿ ನೋಡಿ, ಸೋರುವುದು ಬಾಗಿಲಿನಿಂದಲ್ಲ, ಅದರ ಬುಡದಿಂದ ಅಂತ ತೋರಿಸಿದರು. ಜೇಡಿಮಣ್ಣು ಮೆತ್ತೋದನ್ನೂ ಕಲಿಸಿದರು.

ಈಗ ಬಾಗಿಲು ತಾನೇ ತೆರೆಯುತ್ತೆ, ಆದರೆ ಮುಚ್ಚೋದಿಲ್ಲ. ಭಾನುವಾರ ಅಜ್ಜ ಮತ್ತೆ ಬರ್ತಾರೆ. ಎರಡು ಹಳೇ ಎಣ್ಣೆ ಡಬ್ಬ ಬೇಕಾಗಿದೆ, ಯಾರ ಮನೇಲಾದ್ರೂ ಇದ್ದರೆ ತಂದುಕೊಡಿ.