ಕಪ್ಪೆಯ ಹೃದಯದಿಂದ ಮೂಗಿನವರೆಗೆ

ಮಲ್ಲಿಗೆಯ ಪರಿಮಳವನ್ನು ಮೊದಲು ಅರಿಯುವುವು ಮೂಗಿನ ಒಳಪೊರೆಯಲ್ಲಿರುವ ಘ್ರಾಣ ನರಕೋಶಗಳು. ಆ ಕೋಶಗಳ ಚುರುಕನ್ನು ಏರಿಳಿಸುವ ವಸ್ತುಗಳಲ್ಲೊಂದು ಅಸಿಟೈಲ್ ಕೋಲೀನ್. ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ನಡೆಯುವಾಗ, ಈ ವಸ್ತುವನ್ನು ನರಗಳ ದೂತನೆಂದು ಲೋಕಕ್ಕೆ ತೋರಿಸಿಕೊಟ್ಟ ಓಟೊ ಲೋವಿ ನನ್ನ ನೆನಪಿಗೆ ಬರುವುದುಂಟು.

ಲೋವಿ 1873ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ, ಯಹೂದಿ ವರ್ತಕರ ಮನೆಯಲ್ಲಿ ಹುಟ್ಟಿದನು. ಕಲೆಯ ಚರಿತ್ರೆಯನ್ನು ಓದಬೇಕೆಂಬುದು ಆತನ ಹಂಬಲ. ಮನೆಯವರ ಇಚ್ಛೆಗೆ ಮಣಿದು ವೈದ್ಯನಾದನು. 1909ರಿಂದ ಆಸ್ಟ್ರಿಯದ ಗ್ರಾಜ್ ವಿಶ್ವವಿದ್ಯಾನಿಲಯದಲ್ಲಿ ಔಷಧವಿಜ್ಞಾನದ ಪ್ರಾಧ್ಯಾಪಕ.

ನರವು ತನ್ನ ಆಜ್ಞೆಯನ್ನು ಅಂಗಕ್ಕೆ ಮುಟ್ಟಿಸುವುದು ವಿದ್ಯುತ್ತಿನಿಂದಲೋ ರಾಸಾಯನಿಕ ವಸ್ತುವಿನಿಂದಲೋ ಎಂಬುದು ಆಗಿನ ವಿವಾದ. ಅದನ್ನು ಬಗೆಹರಿಸುವ ಪ್ರಯೋಗ ಲೋವಿಗೆ ಹೊಳೆದದ್ದು ಕನಸಿನಲ್ಲಿ. ನಡುರಾತ್ರಿ ಎದ್ದು ಗೀಚಿಟ್ಟದ್ದನ್ನು ಬೆಳಗ್ಗೆ ಆತನೇ ಓದಲಾರದೆ ಹೋದನು! ಮರುರಾತ್ರಿ ಅದೇ ಕನಸು ಮರಳಿದಾಗ ಲೇಖನಿಯನ್ನು ನಂಬದೆ ನೇರವಾಗಿ ಪ್ರಯೋಗಶಾಲೆಗೆ ನಡೆದನು. ಎರಡು ಕಪ್ಪೆಗಳ ಹೃದಯಗಳನ್ನು ಲವಣದ್ರಾವಣದಲ್ಲಿ ಮಿಡಿಯಬಿಟ್ಟು, ಒಂದರ ವೇಗಸ್ ನರವನ್ನು ಕೆರಳಿಸಿದನು, ಮಿಡಿತ ನಿಧಾನವಾಯಿತು. ಆ ದ್ರಾವಣವನ್ನು ಇನ್ನೊಂದಕ್ಕೆ ಸುರಿಯಲು, ನರದ ಸಂಬಂಧವೇ ಇಲ್ಲದ ಆ ಹೃದಯವೂ ನಿಧಾನಿಸಿತು. 1921ರಲ್ಲಿ ಪ್ರಕಟವಾದ ಈ ಶೋಧ 1936ರಲ್ಲಿ ಹೆನ್ರಿ ಡೇಲನೊಡನೆ ನೊಬೆಲ್ ಬಹುಮಾನವನ್ನು ತಂದಿತು. ದ್ರಾವಣದಲ್ಲಿದ್ದುದು ಅಸಿಟೈಲ್ ಕೋಲೀನ್ ಎಂಬುದು ಅಷ್ಟರಲ್ಲಿ ಸ್ಥಿರಪಟ್ಟಿತ್ತು.

1938ರ ಮಾರ್ಚಿಯಲ್ಲಿ ನಾಜಿಗಳು ಆಸ್ಟ್ರಿಯವನ್ನು ವಶಪಡಿಸಿಕೊಂಡ ರಾತ್ರಿಯೇ ಲೋವಿಯನ್ನೂ ಆತನ ಇಬ್ಬರು ಮಕ್ಕಳನ್ನೂ ಸೆರೆಗೆ ತಳ್ಳಿದರು. ತನ್ನನ್ನು ಕೊಲ್ಲುವರೆಂದೇ ನಂಬಿದ ಆತ ಕಾವಲುಗಾರನನ್ನು ಕಾಡಿಬೇಡಿ ಲೇಖನಿಯನ್ನೂ ಒಂದು ಕಾರ್ಡನ್ನೂ ಪಡೆದು, ಕೊನೆಯ ಪ್ರಯೋಗದ ಫಲವನ್ನು ವಿಜ್ಞಾನ ಪತ್ರಿಕೆಯೊಂದಕ್ಕೆ ಬರೆದು ಕಳುಹಿಸಿದ ಮೇಲೆಯೇ ನೆಮ್ಮದಿಗೊಂಡನು. ದೇಶ ಬಿಡುವ ಅನುಮತಿಗೆ ನೊಬೆಲ್ ಬಹುಮಾನದ ಹಣವನ್ನೇ ತೆರಬೇಕಾಯಿತು. 1940ರಲ್ಲಿ ನ್ಯೂಯಾರ್ಕ್ ಸೇರಿದನು. 1961ರ ಡಿಸೆಂಬರ್ 25ರಂದು ಅಲ್ಲಿಯೇ ತೀರಿಕೊಂಡನು.

ಮೂಗಿನ ಸಂಗತಿ ತಿಳಿದದ್ದು ಬಹುಕಾಲದ ಅನಂತರ. ಚಿಟ್ಟಿಲಿಯ ಘ್ರಾಣ ನರಕೋಶಗಳ ಮಗ್ಗುಲಲ್ಲೇ ಅಸಿಟೈಲ್ ಕೋಲೀನನ್ನು ಸೂಸುವ ಪುಟ್ಟ ಕೋಶಗಳಿರುವುದನ್ನು 2011ರಲ್ಲಿ ವಿವರಿಸಲಾಯಿತು. ಒಂದು ಬಗೆಯ ಪ್ರಯೋಗದಲ್ಲಿ ಈ ವಸ್ತು ವಾಸನೆಗೆ ಕೋಶ ತೋರುವ ಪ್ರತಿಕ್ರಿಯೆಯನ್ನು ಹೆಚ್ಚಿಸಿತು. ಇನ್ನೊಂದರಲ್ಲಿ ಕೋಶದ ಕೆರಳಿಕೆಯನ್ನು ತಗ್ಗಿಸಿತು. ನನಗೆ ಇದು ವಿರೋಧವೆಂದು ತೋರದು. ಹೃದಯವನ್ನು ನಿಧಾನಿಸುವ ವಸ್ತುವೇ ತೋಳಿನ ಸ್ನಾಯುವನ್ನು ಸೆಟೆಯಿಸುತ್ತದಲ್ಲವೆ? ಫಲವನ್ನು ನಿರ್ಧರಿಸುವುದು ಅದನ್ನು ಬರಮಾಡಿಕೊಳ್ಳುವ ಗ್ರಾಹಕ. ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗ ಬಹುಕಾಲದಿಂದ ಸಾಕುತ್ತ ಬಂದಿರುವ ಹಣ್ಣಿನ ನೊಣಗಳಲ್ಲಂತೂ ಘ್ರಾಣ ನರಕೋಶವೇ ಅಸಿಟೈಲ್ ಕೋಲೀನನ್ನು ಸುರಿಸಿ ಮೆದುಳಿಗೆ ವಾಸನೆಯ ಸುದ್ದಿಯನ್ನು ಮುಟ್ಟಿಸುತ್ತದೆ. ನಮ್ಮ ಮೂಗಿನ ಕೋಶಗಳು ಆ ಕೆಲಸವನ್ನು ಗ್ಲುಟಮೇಟಿಗೆ ಒಪ್ಪಿಸಿವೆ.